ನಂಬರ್ ಹೇಳಿ ಅಂದರೆ ಸಿಮ್ ನಂಬರ್ ಹೇಳುತ್ತಾರೆ

ಎಲ್ಲರೂ ಒಮ್ಮೆ ಫೋನ್ ಕೈಗೆ ತಗೊಳ್ಳಿ. ಕಾಲ್ ಮಾಡಲು ನಂಬರ್ ಒತ್ತುವ ಜಾಗಕ್ಕೆ ಹೋಗಿ. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಮತ್ತೆ ಹ್ಯಾಶ್. *#06#. ಹಸಿರು ಬಟನ್ ಒತ್ತುವುದು ಬೇಕಿಲ್ಲ, ಕೊನೆಯ ಹ್ಯಾಶ್ ಒತ್ತಿದ ಕೂಡಲೇ ತಾನಾಗಿ ಬರುತ್ತದೆ. ಬಂತಾ? ಹಿಂದಿನ ಸಾಲಿನಿಂದ ಯಾರೋ "ರೊಕ್ಕ ಕಟ್ ಆಗ್ತೈತೇನ್ರಿ" ಅಂದರು. ಇಲ್ಲ, ಒಂದು ಪೈಸೆಯೂ ಆಗಲ್ಲ. ಇದು ಎಲ್ಲಿಗೂ ಹೋಗುವ ಕಾಲ್ ಅಲ್ಲ, ಫೋನು ತನ್ನ ಗುರುತನ್ನು ತಾನೇ ಹೇಳುವುದು ಅಷ್ಟೇ. ಸಿಮ್ ತೆಗೆದಿಟ್ಟರೂ ಹೇಳುತ್ತದೆ.

ಈಗ ಪರದೆ ಮೇಲೆ 15 ಅಂಕಿಯ ಒಂದು ನಂಬರ್ ಇದೆ, ಕೆಳಗೆ ಬಾರ್‌ಕೋಡ್ ಇರಬಹುದು. ಅದೇ ಐಎಂಇಐ. ಎರಡು ಸಿಮ್ ಹಾಕುವ ಫೋನಾದರೆ ಎರಡು ನಂಬರ್ ಇರುತ್ತವೆ, ಯಾಕೆಂದರೆ ನೆಟ್‌ವರ್ಕ್ ಕಣ್ಣಿಗೆ ಅದು ಒಂದೇ ಡಬ್ಬಿಯಲ್ಲಿರುವ ಎರಡು ಫೋನು. ಕೆಲವರಿಗೆ ಕೊನೆಗೆ ಓರೆ ಗೆರೆ ಹಾಕಿ ಇನ್ನೆರಡು ಅಂಕಿ ಕಾಣುತ್ತಿರಬಹುದು. ಅದು ಸಾಫ್ಟ್‌ವೇರ್ ಆವೃತ್ತಿಯದು, ಬಿಡಿ. 32 ಅಂಕಿಯ ಉದ್ದನೆಯದು ಕಂಡರೆ ಅದು ಇ-ಸಿಮ್‌ನ ಗುರುತು, ಅದನ್ನೂ ಬಿಡಿ. ನಮಗೆ ಬೇಕಾಗಿದ್ದು 15 ಅಂಕಿಯದು. ಎರಡಿದ್ದರೆ ಎರಡೂ ಬೇಕು.

ನಾನು ಬಾಗಲಕೋಟೆಯ ನವನಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟು 18 ವರ್ಷ ಆಯಿತು. ಡಿಸ್‌ಪ್ಲೇ ಒಡೆದವರು, ನೀರಿಗೆ ಬೀಳಿಸಿದವರು, ಚಾರ್ಜಿಂಗ್ ಪಿನ್ ಕಿತ್ತವರು ಬರುತ್ತಾರೆ, ಅವರದೇನೂ ಚಿಂತೆ ಇಲ್ಲ. ಸಂಕಟ ಆಗುವುದು ಫೋನ್ ಕಳಕೊಂಡು ಬರುವವರನ್ನು ನೋಡಿದಾಗ. ಎರಡು ವರ್ಷದ ಹಿಂದೆ ಬನಶಂಕರಿ ಜಾತ್ರೆಯಿಂದ ಒಬ್ಬ ಕಾಕಾ ಸೀದಾ ನನ್ನ ಅಂಗಡಿಗೇ ಬಂದರು. ರಾತ್ರಿ ನಾಟಕಕ್ಕೆ ಕೂತಿದ್ದಾರೆ, ಹಾಸ್ಯದ ಪಾತ್ರ ಬಂದಾಗ ಎಲ್ಲರ ಜತೆ ಇವರೂ ನಕ್ಕು ಮುಂದಕ್ಕೆ ಬಾಗಿದ್ದಾರೆ, ಪರದೆ ಬೀಳುವ ಹೊತ್ತಿಗೆ ಅಂಗಿಯ ಜೇಬು ಖಾಲಿ. ನಾನು, "ಕಾಕಾ, ಫೋನಿನ ನಂಬರ್ ಹೇಳ್ರಿ" ಅಂದೆ. ಅವರು ತಮ್ಮ ಹತ್ತಂಕಿಯ ಮೊಬೈಲ್ ನಂಬರ್ ಗಡಗಡ ಹೇಳಿದರು. "ಅದಲ್ರಿ, ಸೆಟ್ಟಿನ ನಂಬರ್." "ಸೆಟ್ಟಿಗೂ ಬ್ಯಾರೆ ನಂಬರ್ ಇರ್ತೈತೇನಪಾ?"

ಇದು ಆ ಕಾಕಾ ಒಬ್ಬರ ಮಾತಲ್ಲ. ನಂಬರ್ ಹೇಳಿ ಅಂದರೆ ನೂರಕ್ಕೆ ನೂರು ಜನ ಸಿಮ್ ನಂಬರ್ ಹೇಳುತ್ತಾರೆ. ಇನ್ನು ಕೆಲವರು ಸಿಮ್ ಕಾರ್ಡಿನ ಮೇಲೆ ಅಚ್ಚಾಗಿರುವ ಉದ್ದ ನಂಬರ್ ಹಿಡಿದು ತರುತ್ತಾರೆ, 8991 ಅಂತ ಶುರುವಾಗುವುದು. ಅದು ಸಿಮ್ ಕಾರ್ಡಿನ ಗುರುತು, ಫೋನಿನದಲ್ಲ.

ಟ್ರ್ಯಾಕ್ಟರ್ ಇರುವವರಿಗೆ ಇದು ಬೇಗ ತಿಳಿಯುತ್ತದೆ. ಕಬ್ಬು ಹೇರಿಕೊಂಡು ಮುಧೋಳ, ಜಮಖಂಡಿ ಕಡೆ ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರ್‌ಗೆ ನಂಬರ್ ಪ್ಲೇಟ್ ಒಂದಿರುತ್ತದೆ, ಚಾಸಿ ನಂಬರ್ ಒಂದಿರುತ್ತದೆ. ಪ್ಲೇಟ್ ಬಿಚ್ಚಿ ಇನ್ನೊಂದು ಬಿಗಿಯಬಹುದು. ಚಾಸಿ ಮೇಲೆ ಕೊರೆದದ್ದು ಗಾಡಿ ಗುಜರಿಗೆ ಹೋಗುವ ತನಕ ಅದರ ಜತೆಗೇ ಇರುತ್ತದೆ. ಸಿಮ್ ಅಂದರೆ ಪ್ಲೇಟ್, ಐಎಂಇಐ ಅಂದರೆ ಚಾಸಿ. ಕಳ್ಳ ಮೊದಲು ಮಾಡುವ ಕೆಲಸ ಸಿಮ್ ತೆಗೆದು ಚರಂಡಿಗೆ ಎಸೆಯುವುದು. ಇನ್ನೊಂದು ಸಿಮ್ ಹಾಕಿ ಫೋನ್ ಆನ್ ಮಾಡಿದರೆ ಅದು ಟವರ್ ಜತೆ ಮಾತಾಡಲೇಬೇಕು. ಆಗ ಎರಡು ಗುರುತೂ ಸಿಮ್ ಕಂಪನಿಗೆ ಸಿಗುತ್ತವೆ: ಈ ಸಿಮ್ ಇವರದು, ಅದು ಈಗ ಈ ಸೆಟ್ಟಿನಲ್ಲಿದೆ ಅಂತ. ಪೊಲೀಸರು ಕಳೆದ ಫೋನ್ ಹುಡುಕುವುದು ಈ ಜೋಡಿಯನ್ನು ಹಿಡಿದುಕೊಂಡು. ನಿಮ್ಮ ಹತ್ತಿರ ಸೆಟ್ಟಿನ ನಂಬರೇ ಇಲ್ಲದಿದ್ದರೆ ಅವರಾದರೂ ಯಾವುದನ್ನು ಹುಡುಕಬೇಕು?

ಈ 15 ಅಂಕಿಯಲ್ಲಿ ಏನಿದೆ ಅಂತ ನೋಡೋಣ. ನಮ್ಮ ಊರಿನವರಿಗೆ ಇದನ್ನು ಹೇಳುವುದು ಸುಲಭ. ಹಳೇ ಬಾಗಲಕೋಟೆಯಲ್ಲಿ ವಿಳಾಸ ಅಂದರೆ ಓಣಿ, ಗುಡಿ, ಮನೆತನದ ಹೆಸರು. ಆಲಮಟ್ಟಿ ಹಿನ್ನೀರು ಬಂತು, ನವನಗರಕ್ಕೆ ಬಂದೆವು, ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಆಯಿತು. ನಮ್ಮ ಅಜ್ಜಿಗೆ ಕೊನೆಯವರೆಗೂ ಅದು ಬಾಯಿಗೆ ಬರಲಿಲ್ಲ, ಆಟೋದವನಿಗೆ ಗಂಡನ ಹೆಸರು ಹೇಳಲು ನಾಚಿಕೊಂಡು ಮಗನ ಹೆಸರು ಹೇಳುತ್ತಿದ್ದಳು. ಇರಲಿ. ಐಎಂಇಐ ಕೂಡ ಹಾಗೇ. ಮೊದಲ 8 ಅಂಕಿ ಸೆಕ್ಟರ್ ಇದ್ದ ಹಾಗೆ, ಅದನ್ನು ಟಿಎಸಿ ಅನ್ನುತ್ತಾರೆ, ಯಾವ ಕಂಪನಿಯ ಯಾವ ಮಾಡೆಲ್ ಅಂತ ಹೇಳುತ್ತದೆ. ಮುಂದಿನ 6 ಪ್ಲಾಟ್ ನಂಬರ್, ಆ ಮಾಡೆಲ್‌ನಲ್ಲಿ ಇದು ಎಷ್ಟನೇ ಸೆಟ್ ಅಂತ. ಉಳಿದ ಕೊನೆಯ ಒಂದು ಅಂಕಿ ಬರೀ ತಪ್ಪು ಹಿಡಿಯುವುದಕ್ಕೆ.

ಶುರುವಿನ ಎರಡು ಅಂಕಿ ಆ ನಂಬರ್ ಹಂಚಿದ ಸಂಸ್ಥೆಯದು. 35 ಬ್ರಿಟನ್ನಿನ ಸಂಸ್ಥೆ, 86 ಚೀನಾದ್ದು, 91 ನಮ್ಮ ದೇಶದ್ದು. ಹಾಗಂತ 35 ಇದ್ದ ಕೂಡಲೇ ಫೋನು ಲಂಡನ್ನಿನಲ್ಲಿ ತಯಾರಾಯಿತು ಅಂದುಕೊಳ್ಳಬೇಡಿ, ನಂಬರ್ ಅಲ್ಲಿಂದ ಬಂತು ಅಷ್ಟೇ. ಇಲ್ಲೇ ಒಂದು ಮಾತು. ವಾಟ್ಸಾಪ್‌ನಲ್ಲಿ ವರ್ಷಕ್ಕೊಮ್ಮೆ ಸುಗ್ಗಿ ಬಂದ ಹಾಗೆ ಒಂದು ಮೆಸೇಜ್ ಬರುತ್ತದೆ. 7 ಮತ್ತು 8ನೇ ಅಂಕಿ ನೋಡಿ, ಇಂಥದ್ದಿದ್ದರೆ ಒರಿಜಿನಲ್, ಇಂಥದ್ದಿದ್ದರೆ ಕಳಪೆ, ಇಂಥದ್ದಿದ್ದರೆ ಆರೋಗ್ಯಕ್ಕೇ ಕೆಟ್ಟದ್ದು ಅಂತ. ಒಂದು ಕಾಲಕ್ಕೆ ಆ ಎರಡು ಅಂಕಿ ಫೋನ್ ಎಲ್ಲಿ ಜೋಡಣೆ ಆಯಿತು ಅಂತ ಹೇಳುತ್ತಿದ್ದವು, ನಿಜ. 2004ರ ಏಪ್ರಿಲ್‌ಗೆ ಆ ಪದ್ಧತಿ ಮುಗಿಯಿತು. ಈಗ ಅವು ಟಿಎಸಿಯ ಒಳಗೇ ಸೇರಿಹೋಗಿವೆ. ಆ ಮೆಸೇಜ್ ಮಾತ್ರ ಇನ್ನೂ ಓಡಾಡುತ್ತಿದೆ. ಹೋದ ತಿಂಗಳು ನಮ್ಮ ಭಾವನೇ ನನಗೆ ಕಳಿಸಿದ್ದ!

ಕೊನೆಯ ಅಂಕಿಯದೇ ಸ್ವಾರಸ್ಯ. ಬೋರ್ಡ್ ಮೇಲೆ ಒಂದು ಸುಳ್ಳು ನಂಬರ್ ಬರೆಯುತ್ತೇನೆ, ಎಣಿಸಲು ಸುಲಭ ಆಗಲಿ ಅಂತ: 12345678901234. ಇದು 14 ಅಂಕಿ. 15ನೆಯದು ಎಷ್ಟಿರಬೇಕು? ಎಡದಿಂದ ಒಂದು ಬಿಟ್ಟು ಒಂದು ಅಂಕಿಯನ್ನು ದುಪ್ಪಟ್ಟು ಮಾಡಿ. ಎರಡನೆಯದು, ನಾಲ್ಕನೆಯದು, ಆರನೆಯದು, ಹೀಗೆ. 2 ಇದ್ದದ್ದು 4, 4 ಇದ್ದದ್ದು 8, 6 ಇದ್ದದ್ದು 12. 12 ಅಂದರೆ ಎರಡಂಕಿ ಆಯಿತಲ್ಲ, ಅದನ್ನು 1 ಮತ್ತು 2 ಕೂಡಿಸಿ 3 ಮಾಡಿ. 8 ಇದ್ದದ್ದು 16, ಅಂದರೆ 7. ಸೊನ್ನೆ ಸೊನ್ನೆಯೇ. ಮತ್ತೆ 4, ಮತ್ತೆ 8. ಇವೆಲ್ಲ ಕೂಡಿಸಿದರೆ 34. ದುಪ್ಪಟ್ಟು ಮಾಡದೆ ಬಿಟ್ಟವು 1, 3, 5, 7, 9, 1, 3, ಒಟ್ಟು 29. ಎರಡೂ ಸೇರಿ 63. ಮುಂದಿನ ಹತ್ತರ ಗುಣಕ 70, ಕೊರತೆ 7. ಆ 7ನ್ನೇ ಕೊನೆಗೆ ಹಚ್ಚುವುದು. ಪೂರ್ತಿ ನಂಬರ್ 123456789012347. ಯಾವುದೇ ಒಂದು ಅಂಕಿಯನ್ನು ತಪ್ಪು ಬರೆದರೂ ಮೊತ್ತ ಹತ್ತರ ಲೆಕ್ಕಕ್ಕೆ ಬರಲ್ಲ, ಕೂಡಲೇ ಗೊತ್ತಾಗುತ್ತದೆ. ಐಬಿಎಂನಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ ಅನ್ನುವವರು 1954ರಲ್ಲೇ ಇದರ ಪೇಟೆಂಟ್‌ಗೆ ಅರ್ಜಿ ಹಾಕಿದ್ದರು, 1960ರಲ್ಲಿ ಸಿಕ್ಕಿತು, ಮೊಬೈಲ್ ಅನ್ನುವ ಮಾತೇ ಇಲ್ಲದ ಕಾಲ. ನಿಮ್ಮ ಎಟಿಎಂ ಕಾರ್ಡಿನ 16 ಅಂಕಿಯಲ್ಲೂ ಇದೇ ಲೆಕ್ಕ ಇದೆ. ಆಧಾರ್‌ನಲ್ಲಿ ಬೇರೆ ಲೆಕ್ಕ, ಅದು ಇದಕ್ಕಿಂತ ಗಟ್ಟಿ.

ಫೋನ್ ಕೈಯಲ್ಲಿದ್ದರೆ *#06# ಸಾಕು. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಅಬೌಟ್ ಫೋನ್, ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್, ಅಲ್ಲೂ ಇರುತ್ತದೆ. ನಿಜವಾದ ಪ್ರಶ್ನೆ ಫೋನ್ ಕೈಯಲ್ಲಿ ಇಲ್ಲದಿದ್ದಾಗ. ಮೊದಲು ಡಬ್ಬಿ. ಡಬ್ಬಿಯ ಮೇಲಿನ ಸ್ಟಿಕರ್‌ನಲ್ಲಿ ಎರಡೂ ನಂಬರ್ ಇರುತ್ತವೆ. ಆ ಜಾತ್ರೆಯ ಕಾಕಾಗೆ ಡಬ್ಬಿ ಇದೆಯೇ ಅಂತ ಕೇಳಿದರೆ, "ಐತಿ, ಮೊಮ್ಮಗಳು ಅದರಾಗ ಬಳಿ ಇಟ್ಕೊಂಡಾಳ" ಅಂದರು. ಮಗ ಬೈಕಿನಲ್ಲಿ ಕೆರೂರಿಗೆ ಹೋಗಿ ತಂದ. ಬಳೆ ಒಳಗೇ ಇದ್ದವು, ಬ್ರೇಕ್ ಹಾಕಿದಾಗೆಲ್ಲ ಗಲ್ ಗಲ್ ಅನ್ನುತ್ತಿತ್ತಂತೆ. ಸ್ಟಿಕರ್ ಮೇಲೆ ಆ ಹುಡುಗಿ ಚಿಟ್ಟೆಯ ಚಿತ್ರ ಅಂಟಿಸಿದ್ದಳು. ಹೇರ್ ಡ್ರೈಯರ್ ಬಿಸಿ ಕೊಟ್ಟು ಮೆಲ್ಲಗೆ ಬಿಡಿಸಿದೆ, ಎರಡನೇ ನಂಬರಿನ ಮೂರು ಅಂಕಿ ಚಿಟ್ಟೆಯ ರೆಕ್ಕೆಗೇ ಅಂಟಿಕೊಂಡು ಬಂದವು, ಕನ್ನಡಿಯಲ್ಲಿ ಹಿಡಿದು ಓದಿದೆವು.

ಡಬ್ಬಿ ಇಲ್ಲದಿದ್ದರೆ ಬಿಲ್. ಪಕ್ಕಾ ಬಿಲ್‌ನಲ್ಲಿ ಐಎಂಇಐ ಬರೆದಿರುತ್ತಾರೆ. ಎರಡು ನೂರು ರೂಪಾಯಿ ಉಳಿಯುತ್ತದೆ ಅಂತ ಬಿಳಿ ಚೀಟಿ ಮೇಲೆ ಬರೆಸಿಕೊಂಡವರಿಗೆ ಅದೂ ಇಲ್ಲ. ಆಮೇಲೆ ಗೂಗಲ್. ಆಂಡ್ರಾಯ್ಡ್ ಫೋನಿನಲ್ಲಿ ಯಾವ ಜಿಮೇಲ್ ಹಾಕಿದ್ದಿರೋ ಅದರಿಂದ ಬೇರೆ ಕಂಪ್ಯೂಟರ್‌ನಲ್ಲಿ ಫೈಂಡ್ ಹಬ್ ತೆರೆಯಿರಿ, ಮೊದಲು ಫೈಂಡ್ ಮೈ ಡಿವೈಸ್ ಅನ್ನುತ್ತಿದ್ದರಲ್ಲ, ಅದೇ. ಫೋನಿನ ಹೆಸರಿನ ಪಕ್ಕದ ಇಂಗ್ಲಿಷ್ i ಗುರುತು ಒತ್ತಿದರೆ ಐಎಂಇಐ ಕಾಣುತ್ತದೆ. ಐಫೋನಿನವರು ಆ್ಯಪಲ್ ಖಾತೆಯ ಪುಟದಲ್ಲಿ ತಮ್ಮ ಫೋನ್ ಆರಿಸಿದರೆ ಸಿಗುತ್ತದೆ. ಇಷ್ಟಕ್ಕೆ ಪಾಸ್‌ವರ್ಡ್ ಗೊತ್ತಿರಬೇಕು. ನಮ್ಮಲ್ಲಿ ಬಹಳ ಜನರ ಜಿಮೇಲ್ ಅಂಗಡಿಯವರೇ ಮಾಡಿಕೊಟ್ಟದ್ದು. ನಾನೂ ಮಾಡಿಕೊಟ್ಟಿದ್ದೇನೆ, ಪಾಸ್‌ವರ್ಡ್ ಚೀಟಿ ಕೊಟ್ಟಿದ್ದೇನೆ, ಆ ಚೀಟಿ ಎಲ್ಲಿ ಅಂತ ದೇವರಿಗೇ ಗೊತ್ತು.

ಫೋನ್ ಇದೆ, ಆದರೆ ಸತ್ತುಹೋಗಿದೆ ಅನ್ನಿ. ಬ್ಯಾಟರಿ ತೆಗೆಯಲು ಬರುವ ಹಳೇ ಸೆಟ್ ಆದರೆ ಬ್ಯಾಟರಿಯ ಕೆಳಗೆ ಸ್ಟಿಕರ್ ಇರುತ್ತದೆ. ಸುಮಾರು ಐಫೋನುಗಳಲ್ಲಿ ಸಿಮ್ ಟ್ರೇ ಮೇಲೆ ಸಣ್ಣಕ್ಷರದಲ್ಲಿ ಕೊರೆದಿರುತ್ತದೆ, ಭೂತಗನ್ನಡಿ ಬೇಕು. ಹಿಂದಿನ ಪ್ಯಾನೆಲ್ ಮೇಲೆ ಬರೆದದ್ದನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ನಾನೇ ಒಡೆದ ಪ್ಯಾನೆಲ್ ತೆಗೆದು ಇನ್ನೊಂದು ಸೆಟ್ಟಿನದು ಹಾಕಿಕೊಟ್ಟಿದ್ದುಂಟು, ಟ್ರೇ ಕೂಡ ಹಾಗೇ ಅದಲುಬದಲಾಗುತ್ತದೆ. ನಂಬರ್ ಇರುವುದು ಒಳಗಿನ ಬೋರ್ಡಿನಲ್ಲಿ. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಬೋರ್ಡೇ ಬದಲಿಸಿದರೆ ಸಾಮಾನ್ಯವಾಗಿ ನಂಬರೂ ಬದಲಾಗುತ್ತದೆ, ನಿಮ್ಮ ಡಬ್ಬಿ ಅಲ್ಲಿಗೆ ಸುಳ್ಳಾಯಿತು. ಆಗ ಸರ್ವಿಸ್ ಸೆಂಟರ್ ಕೊಟ್ಟ ಚೀಟಿಯನ್ನು ಬಿಲ್ ಜತೆಗೇ ಇಡಿ.

ಹಳಬರಿಗೆ ಚೈನಾ ಸೆಟ್ ನೆನಪಿದೆಯಾ? ನಾಲ್ಕು ಸ್ಪೀಕರ್, ಟಿವಿ ಆಂಟೆನಾ, ಇಡೀ ಓಣಿಗೆ ಕೇಳುವ ಹಾಡು. ಅಗ್ಗದ ಆ ಸೆಟ್ಟುಗಳಲ್ಲಿ ಎಷ್ಟೋ ಫೋನಿಗೆ ಐಎಂಇಐ ಜಾಗದಲ್ಲಿ ಬರೀ ಸೊನ್ನೆ ಇರುತ್ತಿತ್ತು, ಇಲ್ಲವೇ ಸಾವಿರ ಫೋನಿಗೆ ಒಂದೇ ನಂಬರ್. 2008ರ ಮುಂಬೈ ದಾಳಿಯ ನಂತರ ಸರ್ಕಾರ ಬಿಗಿ ಮಾಡಿತು. ಗಡುವು ಒಂದೆರಡು ಸಲ ಮುಂದಕ್ಕೆ ಹೋಗಿ, ಕೊನೆಗೆ 2009ರ ನವೆಂಬರ್ 30ರ ರಾತ್ರಿ ಐಎಂಇಐ ಇಲ್ಲದ ಫೋನುಗಳು ಬಂದ್ ಆದವು. ಮರುದಿನ ನನ್ನ ಅಂಗಡಿ ಮುಂದೆ ರೇಷನ್ ಅಂಗಡಿಯ ಹಾಗೆ ಸಾಲು. "ನಿನ್ನೆ ತನಕ ಛಲೋ ಇತ್ರಿ" ಅನ್ನುವುದು ಎಲ್ಲರ ಮಾತು. ಹೊಸ ನಂಬರ್ ತುಂಬಿಕೊಡಲು ಅಧಿಕೃತ ಕೇಂದ್ರಗಳಿದ್ದವು, ಅದರ ಪಕ್ಕದಲ್ಲೇ ಯಾವುದೋ ಒಂದು ನಂಬರ್ ತುರುಕಿ ಕೊಡುವವರೂ ಹುಟ್ಟಿಕೊಂಡರು. ಹಾಗೆ ತುರುಕುವುದು ಇವತ್ತು ದೊಡ್ಡ ಅಪರಾಧ. 2017ರಲ್ಲೇ ನಿಯಮ ಬಂತು, 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೂ ನಿಂತಿಲ್ಲ. 2020ರಲ್ಲಿ ಮೀರತ್ ಪೊಲೀಸರಿಗೆ ಒಂದೇ ಐಎಂಇಐ ಮೇಲೆ ದೇಶದಲ್ಲಿ 13,000ಕ್ಕೂ ಜಾಸ್ತಿ ಫೋನು ಓಡುತ್ತಿರುವುದು ಸಿಕ್ಕಿತ್ತು. ನಿಮ್ಮ ನಂಬರನ್ನು ಕಂಡ ಕಂಡಲ್ಲಿ ಹಾಕಬೇಡಿ ಅನ್ನುವುದು ಇದಕ್ಕೇ. ಹಳೇ ಫೋನ್ ಮಾರಲು ಡಬ್ಬಿಯ ಫೋಟೊ ಹಾಕುವಾಗ ಸ್ಟಿಕರ್ ಮೇಲೆ ಬೆರಳಿಟ್ಟು ಫೋಟೊ ತೆಗೆಯಿರಿ.

ಇಲ್ಲಿ ಒಬ್ಬ ಕಾಲೇಜು ಹುಡುಗ ಕೇಳಿದ. ಹಾಲಿನ ಡೇರಿಗೆ ಲೆಕ್ಕದ ಆ್ಯಪ್ ಮಾಡುತ್ತಿದ್ದಾನಂತೆ, ಒಂದು ಫೋನಿಗೆ ಒಂದೇ ಲಾಗಿನ್ ಇರಬೇಕು, ಅದಕ್ಕೆ ಆ್ಯಪ್‌ನಿಂದಲೇ ಐಎಂಇಐ ಓದಬಹುದಾ ಅಂತ. ತಮ್ಮಾ, ನೀನು ತಡ ಮಾಡಿದೆ. ಮೊದಲು ಫೋನ್ ಪರ್ಮಿಷನ್ ಕೊಟ್ಟರೆ ಸಾಕಿತ್ತು, ಟಾರ್ಚ್ ಆ್ಯಪ್‌ಗಳೂ ಓದಿಕೊಂಡು ಹೋಗುತ್ತಿದ್ದವು. 2019ರ ಆಂಡ್ರಾಯ್ಡ್ 10ರಿಂದ ಸಾಮಾನ್ಯ ಆ್ಯಪ್‌ಗಳಿಗೆ ಆ ಬಾಗಿಲು ಮುಚ್ಚಿದೆ. ಆ್ಯಪಲ್‌ನವರು ಯುಡಿಐಡಿ ಅನ್ನುವ ತಮ್ಮ ಫೋನಿನ ಗುರುತನ್ನು ಓದುವ ಆ್ಯಪ್‌ಗಳನ್ನು 2013ರ ಮೇ ತಿಂಗಳಿಂದಲೇ ತೆಗೆದುಕೊಳ್ಳುವುದಿಲ್ಲ ಅಂದಿದ್ದರು. ವೈಫೈ ವಿಳಾಸ ಹಿಡಿಯೋಣ ಅಂದರೆ ಈಗಿನ ಫೋನುಗಳು ವೈಫೈಗೊಂದು ಸುಳ್ಳು ವಿಳಾಸ ತೋರಿಸುತ್ತವೆ. ಆಂಡ್ರಾಯ್ಡ್ ಐಡಿ ಅಂತ ಒಂದಿದೆ, ಆಂಡ್ರಾಯ್ಡ್ 8ರಿಂದ ಅದು ಒಂದೊಂದು ಆ್ಯಪ್ ತಯಾರಕರಿಗೆ ಒಂದೊಂದು ಥರ ಕಾಣುತ್ತದೆ, ಫ್ಯಾಕ್ಟರಿ ರಿಸೆಟ್ ಮಾಡಿದರೆ ಬದಲಾಗುತ್ತದೆ. ನನ್ನ ಕೇಳಿದರೆ ಇದೇ ಸರಿ. ಐಎಂಇಐ ರಿಸೆಟ್ ಮಾಡಿದರೂ ಹೋಗಲ್ಲ, ಅಂಥದ್ದನ್ನು ಕಂಡವರ ಕೈಗೆ ಕೊಟ್ಟರೆ ಜೀವನಪೂರ್ತಿ ಬೆನ್ನು ಹತ್ತುತ್ತಾರೆ. ನಿನ್ನ ಡೇರಿ ಆ್ಯಪ್ ಮೊದಲ ಸಲ ತೆರೆದಾಗ ಅದೇ ಒಂದು ನಂಬರ್ ಹುಟ್ಟಿಸಿ ಇಟ್ಟುಕೊಳ್ಳಲಿ, ಕೆಲಸ ಆಗುತ್ತದೆ.

ಈಗ ಕಳೆದಾಗ ಏನು ಮಾಡಬೇಕು ಅನ್ನುವುದು. ಫೋನ್ ಎಲ್ಲಿದೆ ಅಂತ ಮೊದಲು ಫೈಂಡ್ ಹಬ್‌ನಲ್ಲೇ ನೋಡಿ. ಐಎಂಇಐ ಹಾಕಿದರೆ ಮ್ಯಾಪ್‌ನಲ್ಲಿ ಜಾಗ ತೋರಿಸುತ್ತೇವೆ ಅನ್ನುವ ವೆಬ್‌ಸೈಟ್‌ಗಳು ಸಾಕಷ್ಟಿವೆ, ಎಲ್ಲ ಸುಳ್ಳು, ರೊಕ್ಕ ಕಟ್ಟಬೇಡಿ. ಆ ಮಾಹಿತಿ ಇರುವುದು ಟೆಲಿಕಾಂ ಕಂಪನಿಯವರ ಹತ್ತಿರ, ಕೇಳುವ ಅಧಿಕಾರ ಪೊಲೀಸರಿಗೆ. ಠಾಣೆಯಲ್ಲಿ ದೂರು ಕೊಡಿ, ಇಲ್ಲವೇ ಕಳೆದ ವಸ್ತುಗಳ ದೂರಿಗಾಗಿ ಕರ್ನಾಟಕ ಪೊಲೀಸರು ಇಟ್ಟಿರುವ ಇ-ಲಾಸ್ಟ್‌ನಲ್ಲಿ ಬರೆಯಿರಿ. ಅದೇ ನಂಬರಿನ ಇನ್ನೊಂದು ಸಿಮ್ ತಗೊಳ್ಳಿ. ಹೊಸ ಸಿಮ್‌ಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರಲ್ಲ, ಒಟಿಪಿ ಬರಲಿಲ್ಲ ಅಂತ ಅಂಗಡಿಯವನ ಜತೆ ಜಗಳ ಆಡಬೇಡಿ, ಒಂದು ದಿನ ತಡೆಯಿರಿ. ಆಮೇಲೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ಗೆ ಹೋಗಿ, ಕಳೆದ ಫೋನ್ ಬ್ಲಾಕ್ ಮಾಡಿಸುವ ಸಿಇಐಆರ್ ಪುಟದಲ್ಲಿ ಎರಡೂ ಐಎಂಇಐ, ದೂರಿನ ಪ್ರತಿ, ಬಿಲ್, ಗುರುತಿನ ಚೀಟಿ ಹಾಕಿ. 2019ರಲ್ಲಿ ಮಹಾರಾಷ್ಟ್ರದ ಕಡೆ ಪ್ರಯೋಗಕ್ಕೆ ಶುರುವಾದದ್ದು ಇದು, 2023ರ ಮೇ ತಿಂಗಳಿಂದ ಇಡೀ ದೇಶಕ್ಕಿದೆ. ಒಂದು ರಿಕ್ವೆಸ್ಟ್ ಐಡಿ ಕೊಡುತ್ತಾರೆ, ಅದನ್ನು ಕಳಕೊಳ್ಳಬೇಡಿ. 24 ಗಂಟೆಯೊಳಗೆ ದೇಶದ ಯಾವ ಕಂಪನಿಯ ಸಿಮ್ ಹಾಕಿದರೂ ಆ ಸೆಟ್ ನಡೆಯಲ್ಲ. ಒಂದೇ ಐಎಂಇಐ ಕೊಟ್ಟು ಸುಮ್ನೆ ಕೂತರೆ ಎರಡನೇ ಸಿಮ್ ಜಾಗ ಕಳ್ಳನಿಗೆ ಉಳಿಯುತ್ತದೆ. ಬ್ಲಾಕ್ ಆದ ಮೇಲೂ ವೈಫೈ ನಡೆಯುತ್ತದೆ, ಬಿಚ್ಚಿ ಬಿಡಿಭಾಗ ಮಾರಿದರೆ ಯಾರೂ ಏನೂ ಮಾಡಲಾಗದು, ಇದನ್ನೂ ಹೇಳಬೇಕು. ಕಾಕಾನ ಫೋನ್ ಇವತ್ತಿಗೂ ಸಿಕ್ಕಿಲ್ಲ. "ನನಗ ಇಲ್ಲಂದ್ರ ಅವಗೂ ಬ್ಯಾಡ" ಅಂತ ಅಷ್ಟಕ್ಕೇ ಸಮಾಧಾನ ಮಾಡಿಕೊಂಡಿದ್ದಾರೆ.

ಸಿಕ್ಕರೆ ಅನ್‌ಬ್ಲಾಕ್ ಮಾಡಿಸಬೇಕು. ಒಬ್ಬ ಹುಡುಗ ಕಳವಾಯಿತು ಅಂತ ಬ್ಲಾಕ್ ಮಾಡಿಸಿದ, ನಾಲ್ಕು ದಿನಕ್ಕೆ ಫೋನು ಅವರದೇ ದನದ ಕೊಟ್ಟಿಗೆಯಲ್ಲಿ ಮೇವಿನ ಬುಟ್ಟಿಯೊಳಗೆ ಸಿಕ್ಕಿತು. ಖುಷಿಯಲ್ಲಿ ಸಿಮ್ ಹಾಕಿದ, ನೆಟ್‌ವರ್ಕ್ ಇಲ್ಲ. ರಿಪೇರಿಗೆ ಅಂತ ನನ್ನ ಹತ್ತಿರ ತಂದ. ಅರ್ಧ ದಿನ ಆಂಟೆನಾ, ಐಸಿ ಅಂತ ನಾನೂ ಬಡಿದಾಡಿದೆ, ಬ್ಲಾಕ್ ಮಾಡಿಸಿದ್ದು ಅವನಿಗೇ ಮರೆತುಹೋಗಿತ್ತು!

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಇಷ್ಟು ಮಾಡಿ. ಮಾರುವವನ ಮುಂದೆಯೇ *#06# ಒತ್ತಿ, ಡಬ್ಬಿ ಜತೆ ತಾಳೆ ನೋಡಿ. ಆಮೇಲೆ ಇಂಗ್ಲಿಷಿನಲ್ಲಿ ಕೆ ವೈ ಎಂ ಅಂತ ಬರೆದು, ಜಾಗ ಬಿಟ್ಟು, ಐಎಂಇಐ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಅದು ಯಾವ ಮಾಡೆಲ್, ಬ್ಲಾಕ್ ಆಗಿದೆಯಾ ಅಂತ ಉತ್ತರ ಬರುತ್ತದೆ. ಉತ್ತರದಲ್ಲಿ ಬಂದ ಮಾಡೆಲ್ ಒಂದು, ಕೈಯಲ್ಲಿರುವ ಸೆಟ್ ಇನ್ನೊಂದು ಆದರೆ ಅಲ್ಲಿಂದ ಎದ್ದು ಬನ್ನಿ.

ಮುಂದಿನ ಸಾಲಿನ ಅಕ್ಕಾ ಏನೋ ಕೇಳುತ್ತಿದ್ದಾರೆ. ಬಟನ್ ಫೋನಿಗೂ ಇರುತ್ತದಾ ಅಂತಾ? ಇರುತ್ತದೆ ಅಕ್ಕಾ, ಅದೇ ಸ್ಟಾರ್ ಹ್ಯಾಶ್ ಒತ್ತಿ. ಬಂತಲ್ಲ. ಪೆನ್ನು ಇದೆಯಾ? ಪಕ್ಕದ ಹುಡುಗ ಬರೆದುಕೊಡಲಿ, ಆ ಮದುವೆ ಕಾರ್ಡಿನ ಹಿಂದೆಯೇ ಆಗಲಿ. ಬರೆದಾಯಿತಾ ತಮ್ಮಾ? ಈಗ ಬೋರ್ಡ್ ಮೇಲಿನ ಲೆಕ್ಕ ಹಾಕು, ಕೊನೆಯ ಅಂಕಿಯನ್ನೂ ಹಾಗೇ ಕೂಡಿಸು. ಎಷ್ಟು ಬಂತು? 57? ಹಾಗಾದರೆ ಎಲ್ಲೋ ತಪ್ಪು ಬರೆದಿದ್ದೀಯ. ಮತ್ತೊಮ್ಮೆ ಪರದೆ ನೋಡು. ಹಾಂ, 7 ಇದ್ದ ಕಡೆ 1 ಬರೆದಿದ್ದೀಯ, ತಿದ್ದು. ಈಗ? 60. ಅಕ್ಕಾ, ಕಾರ್ಡ್ ಒಳಗಿಡಿ.